ಕಾರಿನ ಟೈರ್ ಸೆನ್ಸರ್ ತೋರಿಸುವ ಸಂಖ್ಯೆಯನ್ನು ಎಷ್ಟು ನಂಬಬಹುದು: ಹಾಸನ, ಚಿಕ್ಕಮಗಳೂರು ಕಡೆಯ ಚಾಲಕರಿಗೆ ಒಂದು ಮಾರ್ಗದರ್ಶಿ

ಚಿಕ್ಕಮಗಳೂರಿನಲ್ಲಿ ಸಂಜೆ ಮನೆಗೆ ಮರಳುವಾಗ ಪೆಟ್ರೋಲ್ ಬಂಕಿನಲ್ಲಿ ನಾಲ್ಕೂ ಚಕ್ರಗಳಿಗೆ 33 ಪಿಎಸ್‌ಐ (ಒತ್ತಡದ ಅಳತೆ) ಗಾಳಿ ಹಾಕಿಸಿಕೊಂಡವರಿಗೆ ಮರುದಿನ ಬೆಳಿಗ್ಗೆ ಕಾರಿನ ಪರದೆ 29 ಎಂದು ತೋರಿಸುವುದು ಚಳಿಗಾಲದಲ್ಲಿ ಸಾಮಾನ್ಯ ಸಂಗತಿ. ಆಗ ಕೆಲವರು ಟೈರ್ ಸೋರುತ್ತಿದೆ ಎಂದು ಪಂಕ್ಚರ್ ಅಂಗಡಿಗೆ ಹೋಗುತ್ತಾರೆ, ಕೆಲವರು ಸೆನ್ಸರ್ ಕೆಟ್ಟಿದೆ ಎಂದು ಸರ್ವಿಸ್ ಸೆಂಟರಿಗೆ ಫೋನ್ ಮಾಡುತ್ತಾರೆ, ಮತ್ತೆ ಕೆಲವರು ಬಂಕಿನ ಯಂತ್ರವೇ ಸರಿಯಿಲ್ಲ ಎಂದು ತೀರ್ಮಾನಿಸುತ್ತಾರೆ. ಹೆಚ್ಚಿನ ಸಲ ಟೈರು, ಸೆನ್ಸರು, ಯಂತ್ರ ಮೂರೂ ಸರಿಯಾಗಿಯೇ ಇರುತ್ತವೆ. ಬದಲಾಗಿರುವುದು ಟೈರಿನೊಳಗಿನ ಗಾಳಿಯ ಉಷ್ಣಾಂಶ ಮಾತ್ರ.

ಕಾರಿನ ಕಂಪನಿಯೇ ಚಕ್ರದೊಳಗೆ ಅಳವಡಿಸಿದ ಸೆನ್ಸರ್, ಸುಸ್ಥಿತಿಯಲ್ಲಿದ್ದರೆ, ಸಾಮಾನ್ಯವಾಗಿ ಒಂದರಿಂದ ಎರಡು ಪಿಎಸ್‌ಐ ವ್ಯತ್ಯಾಸದೊಳಗೆ ನಿಜವನ್ನೇ ಹೇಳುತ್ತದೆ. ದಿನನಿತ್ಯದ ಓಡಾಟಕ್ಕೆ ಅಷ್ಟು ನಿಖರತೆ ಸಾಕು. ಆದರೆ ಆ ಸಂಖ್ಯೆಯನ್ನು ಯಾವ ಹೊತ್ತಿನಲ್ಲಿ, ಯಾವ ಊರಿನಲ್ಲಿ, ಕಾರು ಎಷ್ಟು ದೂರ ಓಡಿದ ಮೇಲೆ ಓದುತ್ತಿದ್ದೇವೆ ಎಂಬುದು ತಿಳಿಯದಿದ್ದರೆ ಎಷ್ಟೇ ನಿಖರವಾದ ಸೆನ್ಸರ್ ಕೂಡ ನಮ್ಮನ್ನು ದಾರಿ ತಪ್ಪಿಸಬಹುದು. ಸಮುದ್ರಮಟ್ಟದಿಂದ ಸಾವಿರ ಮೀಟರ್ ಆಸುಪಾಸಿನ ಎತ್ತರದಲ್ಲಿ ವಾಸಿಸುತ್ತಾ ಆಗಾಗ ಘಾಟಿ ಇಳಿದು ಮಂಗಳೂರಿಗೆ ಹೋಗಿಬರುವ ನಮ್ಮ ಕಡೆಯವರು ಇದನ್ನು ಉಳಿದವರಿಗಿಂತ ಹೆಚ್ಚು ಗಮನದಿಂದ ಅರಿಯಬೇಕಾಗಿದೆ. ನಿಮ್ಮ ಕಾರಿನ ಸೆನ್ಸರನ್ನು ನೀವೇ ಮನೆಯಲ್ಲಿ ಪರೀಕ್ಷಿಸಿಕೊಳ್ಳುವ ಕ್ರಮವನ್ನು ಮುಂದೆ ವಿವರಿಸಿದ್ದೇನೆ.

ಮೊದಲ ಹೆಜ್ಜೆ: ನಿಮ್ಮ ಕಾರಿನಲ್ಲಿ ಇರುವುದು ಯಾವ ಬಗೆ ಎಂದು ತಿಳಿಯಿರಿ

ಟೈರಿನ ಒತ್ತಡದ ಮೇಲೆ ನಿಗಾ ಇಡುವ ಈ ವ್ಯವಸ್ಥೆಯಲ್ಲಿ ಎರಡು ಬಗೆಗಳಿವೆ. ನೇರ ಬಗೆಯಲ್ಲಿ ಪ್ರತಿ ಚಕ್ರದೊಳಗೆ, ವಾಲ್ವಿನ ಬುಡಕ್ಕೆ ಅಂಟಿಕೊಂಡಂತೆ ಒಂದು ಪುಟ್ಟ ಸೆನ್ಸರ್ ಇರುತ್ತದೆ. ಅದರೊಳಗಿನ ತೆಳುವಾದ ಸಿಲಿಕಾನ್ ಪೊರೆ ಗಾಳಿಯ ಒತ್ತಡಕ್ಕೆ ಬಾಗಿದಾಗ ವಿದ್ಯುತ್ ಸಂಕೇತ ಬದಲಾಗುತ್ತದೆ. ಆ ಅಳತೆಯನ್ನೂ ಒಳಗಿನ ಉಷ್ಣಾಂಶವನ್ನೂ ಸೆನ್ಸರ್ ರೇಡಿಯೋ ತರಂಗದ ಮೂಲಕ ಕಾರಿನ ಕಂಪ್ಯೂಟರಿಗೆ ಕಳುಹಿಸುತ್ತದೆ. ಪರದೆಯಲ್ಲಿ ಪ್ರತಿ ಚಕ್ರಕ್ಕೂ ಬೇರೆ ಬೇರೆ ಸಂಖ್ಯೆ ಕಾಣಿಸಿದರೆ ನಿಮ್ಮದು ಈ ಬಗೆಯದು ಎಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಹುದು.

ಪರೋಕ್ಷ ಬಗೆಯಲ್ಲಿ ಒತ್ತಡವನ್ನು ಅಳೆಯುವ ಸಾಧನವೇ ಇರುವುದಿಲ್ಲ. ಗಾಳಿ ಕಡಿಮೆಯಾದ ಟೈರ್ ಸ್ವಲ್ಪ ಕುಗ್ಗುವುದರಿಂದ ಅಷ್ಟೇ ದೂರ ಕ್ರಮಿಸಲು ಆ ಚಕ್ರ ಉಳಿದವುಗಳಿಗಿಂತ ತುಸು ಹೆಚ್ಚು ಸುತ್ತಬೇಕಾಗುತ್ತದೆ. ಚಕ್ರಗಳು ಲಾಕ್ ಆಗದಂತೆ ತಡೆಯುವ ಎಬಿಎಸ್ ಬ್ರೇಕಿಗಾಗಿ ಮೊದಲೇ ಅಳವಡಿಸಿರುವ ಚಕ್ರದ ವೇಗದ ಸೆನ್ಸರುಗಳು ಈ ವ್ಯತ್ಯಾಸವನ್ನು ಗುರುತಿಸುತ್ತವೆ. ಪರದೆಯಲ್ಲಿ ಸಂಖ್ಯೆ ಕಾಣದೆ ಎಚ್ಚರಿಕೆಯ ದೀಪ ಮಾತ್ರ ಇದ್ದು, ಮೆನುವಿನಲ್ಲಿ ಟೈರ್ ಒತ್ತಡವನ್ನು ‘ಸೆಟ್’ ಅಥವಾ ‘ರೀಸೆಟ್’ ಮಾಡುವ ಆಯ್ಕೆ ಇದ್ದರೆ ನಿಮ್ಮದು ಹೆಚ್ಚಾಗಿ ಪರೋಕ್ಷ ಬಗೆಯೇ ಆಗಿರುತ್ತದೆ. ಕೆಲವು ಕಂಪನಿಗಳು ಇದನ್ನು ಐಟಿಪಿಎಂಎಸ್ (ಪರೋಕ್ಷ ಟೈರ್ ಒತ್ತಡ ನಿಗಾ ವ್ಯವಸ್ಥೆ) ಎಂದು ಬರೆಯುತ್ತವೆ. ಕೊಳ್ಳುವಾಗ ಮಾರಾಟಗಾರರು ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದುಂಟು. ಆದರೆ ನಿಖರತೆಯ ಪ್ರಶ್ನೆ ಬಂದಾಗ ಇವೆರಡರ ನಡುವೆ ಬಹಳ ಅಂತರವಿದೆ. ಪರೋಕ್ಷ ಬಗೆಯವರಿಗೆ ಬೇಕಾದ ಮಾತನ್ನು ಮುಂದೆ ಪ್ರತ್ಯೇಕವಾಗಿ ಹೇಳಿದ್ದೇನೆ.

ಎರಡನೆಯ ಹೆಜ್ಜೆ: ಸರಿಯಾದ ಸಂಖ್ಯೆ ಮತ್ತು ದೀಪದ ಮಿತಿ

ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ, ಕೆಲವು ಕಾರುಗಳಲ್ಲಿ ಇಂಧನದ ಮುಚ್ಚಳದ ಒಳಭಾಗದಲ್ಲಿ, ಒತ್ತಡದ ಚೀಟಿ ಅಂಟಿಸಿರುತ್ತಾರೆ. ಮುಂದಿನ ಚಕ್ರಕ್ಕೆಷ್ಟು, ಹಿಂದಿನದಕ್ಕೆಷ್ಟು, ಇಬ್ಬರೇ ಕುಳಿತಾಗ ಎಷ್ಟು, ಐದು ಜನ ಮತ್ತು ಸಾಮಾನು ತುಂಬಿದಾಗ ಎಷ್ಟು ಎಂಬುದು ಅದರಲ್ಲಿರುತ್ತದೆ. ಟೈರಿನ ಪಕ್ಕದಲ್ಲಿ ಮುದ್ರಿಸಿರುವುದು ಆ ಟೈರ್ ತಾಳಬಲ್ಲ ಗರಿಷ್ಠ ಒತ್ತಡವೇ ಹೊರತು ನೀವು ಹಾಕಿಸಬೇಕಾದ ಒತ್ತಡವಲ್ಲ. ಪರದೆಯಲ್ಲಿ ಬಾರ್ ಅಥವಾ ಕಿಲೋಪಾಸ್ಕಲ್ ಲೆಕ್ಕ ಕಂಡರೆ ಒಂದು ಬಾರ್ ಎಂದರೆ 100 ಕಿಲೋಪಾಸ್ಕಲ್, ಅಂದರೆ ಸುಮಾರು 14.5 ಪಿಎಸ್‌ಐ ಎಂದು ನೆನಪಿಡಿ, 2.3 ಬಾರ್ ಎಂದರೆ 33ಕ್ಕಿಂತ ತುಸು ಹೆಚ್ಚು. ಬಾರ್ ಲೆಕ್ಕದಲ್ಲಿ ತೋರಿಸುವ ಪರದೆಯ ಒಂದೊಂದು ಮೆಟ್ಟಿಲು 0.1 ಬಾರ್, ಅಂದರೆ ಸುಮಾರು ಒಂದೂವರೆ ಪಿಎಸ್‌ಐ ಆಗುವುದರಿಂದ ಸಣ್ಣ ಬದಲಾವಣೆಗಳು ಅಲ್ಲಿ ಕಾಣಿಸುವುದೇ ಇಲ್ಲ. ಸಾಧ್ಯವಿದ್ದರೆ ಸೆಟ್ಟಿಂಗ್ಸಿನಲ್ಲಿ ಪಿಎಸ್‌ಐಗೆ ಬದಲಿಸಿಕೊಳ್ಳಿ.

ಎಚ್ಚರಿಕೆಯ ದೀಪದ ವಿಷಯದಲ್ಲಿ ಬಹಳಷ್ಟು ಜನರಿಗೆ ಇರುವ ತಪ್ಪು ಕಲ್ಪನೆಯನ್ನು ಇಲ್ಲೇ ತಿದ್ದಿಕೊಳ್ಳುವುದು ಒಳ್ಳೆಯದು. ದೀಪ ಹತ್ತಿಲ್ಲ ಎಂದರೆ ಗಾಳಿ ಸರಿಯಾಗಿದೆ ಎಂದರ್ಥವಲ್ಲ. 2000ನೇ ಇಸವಿಯಲ್ಲಿ ಬೆಳಕಿಗೆ ಬಂದ ಫೈರ್‌ಸ್ಟೋನ್ ಟೈರ್ ಮತ್ತು ಫೋರ್ಡ್ ಎಕ್ಸ್‌ಪ್ಲೋರರ್ ವಾಹನಗಳ ಸರಣಿ ಅಪಘಾತಗಳ ನಂತರ ಅಮೆರಿಕದಲ್ಲಿ ಬಂದ ಕಾನೂನು 2007ರ ಸೆಪ್ಟೆಂಬರ್ ಹೊತ್ತಿಗೆ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಈ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು. ಅಲ್ಲಿನ ನಿಯಮದ ಪ್ರಕಾರ ಒತ್ತಡವು ಚೀಟಿಯಲ್ಲಿರುವುದಕ್ಕಿಂತ ಶೇಕಡಾ 25ರಷ್ಟು ಇಳಿದಾಗ ದೀಪ ಹತ್ತಬೇಕು. 2014ರ ನವೆಂಬರಿನಿಂದ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯ ಮಾಡಿದ ಯುರೋಪಿನಲ್ಲಿ ಈ ಮಿತಿ ಶೇಕಡಾ 20. ನಿಮ್ಮ ಕಾರಿನ ಮಿತಿ ಎಷ್ಟೆಂದು ಅದರ ಕೈಪಿಡಿಯಲ್ಲಿ ನೋಡಿಕೊಳ್ಳಿ. ಲೆಕ್ಕ ಹಾಕಿದರೆ 33 ಪಿಎಸ್‌ಐ ಬೇಕಾದ ಟೈರಿನಲ್ಲಿ ಶೇಕಡಾ 20 ಎಂದರೆ 26ರ ಹತ್ತಿರ, ಶೇಕಡಾ 25 ಎಂದರೆ 25ಕ್ಕಿಂತ ತುಸು ಕೆಳಗೆ. ಅಂದರೆ 28 ಪಿಎಸ್‌ಐಗೆ ಇಳಿದ ಟೈರಿನ ಅಂಚುಗಳು ಸವೆಯುತ್ತಾ, ಇಂಧನ ಹೆಚ್ಚು ಕುಡಿಯುತ್ತಾ, ಬೆಂಗಳೂರು ಹೆದ್ದಾರಿಯ ವೇಗದಲ್ಲಿ ಅಗತ್ಯಕ್ಕಿಂತ ಹೆಚ್ಚು ಬಿಸಿಯಾಗುತ್ತಿದ್ದರೂ ದೀಪ ಸುಮ್ಮನೇ ಇರುತ್ತದೆ. ಯಾವ ತೂತೂ ಇಲ್ಲದ ಟೈರಿನಿಂದಲೂ ರಬ್ಬರಿನ ಮೂಲಕ ತಿಂಗಳಿಗೆ ಒಂದೆರಡು ಪಿಎಸ್‌ಐ ಹೊರಹೋಗುವುದು ಸಹಜ. ಆದ್ದರಿಂದ ಒತ್ತಡ ಅಳೆಯುವ ಸಾಧನವಾದ ಗೇಜಿನಿಂದ ತಿಂಗಳಿಗೊಮ್ಮೆ ಅಳೆಯುವ ಕೆಲಸವನ್ನು ದೀಪಕ್ಕೆ ಒಪ್ಪಿಸಲು ಬರುವುದಿಲ್ಲ.

ಮೂರನೆಯ ಹೆಜ್ಜೆ: ಒಂದು ಒಳ್ಳೆಯ ಗೇಜ್

ಸೆನ್ಸರನ್ನು ಪರೀಕ್ಷಿಸಲು ಅದಕ್ಕಿಂತ ನಂಬಿಕೆಗೆ ಅರ್ಹವಾದ ಇನ್ನೊಂದು ಅಳತೆ ಬೇಕು. ಬಂಕಿನ ಗಾಳಿ ಯಂತ್ರವನ್ನು ದಿನವಿಡೀ ನೂರಾರು ವಾಹನಗಳಿಗೆ ಬಳಸುತ್ತಾರೆ, ಅದರ ಪೈಪು ಮತ್ತು ತುದಿ ಸವೆಯುತ್ತವೆ, ಎರಡು ಬಂಕುಗಳ ನಡುವೆ ಎರಡು ಮೂರು ಪಿಎಸ್‌ಐ ವ್ಯತ್ಯಾಸ ಕಂಡರೆ ಆಶ್ಚರ್ಯವಿಲ್ಲ. ಹಾಗಾಗಿ ಕೈಯಲ್ಲಿ ಹಿಡಿಯುವ ಒಂದು ಡಿಜಿಟಲ್ ಗೇಜನ್ನು ಕೊಂಡು ಕಾರಿನಲ್ಲೇ ಇಟ್ಟುಕೊಳ್ಳುವುದು ಉತ್ತಮ. ಕೊಂಡ ಮೇಲೆ ಒಂದೇ ಟೈರಿಗೆ ಮೂರು ಸಲ ಹಿಡಿದು ನೋಡಿ. ಮೂರು ಸಲವೂ ಅರ್ಧ ಪಿಎಸ್‌ಐ ಒಳಗೆ ಒಂದೇ ಸಂಖ್ಯೆ ಬಂದರೆ ಗೇಜ್ ಸ್ಥಿರವಾಗಿದೆ. ಪರಿಚಯದ ಟೈರ್ ಅಂಗಡಿಯವರ ಬಳಿ ಒಳ್ಳೆಯ ಗೇಜ್ ಇದ್ದರೆ ಅದರೊಂದಿಗೂ ಹೋಲಿಸಿಕೊಳ್ಳಿ. ವಾಲ್ವಿಗೆ ಹಿಡಿಯುವಾಗ ಬುಸ್ ಎಂದು ಗಾಳಿ ಹೋಗುತ್ತಿದ್ದರೆ ಆ ಅಳತೆಯನ್ನು ಬಿಟ್ಟುಬಿಡಿ, ನೇರವಾಗಿ ಒತ್ತಿ ಮತ್ತೊಮ್ಮೆ ತೆಗೆದುಕೊಳ್ಳಿ.

ನಾಲ್ಕನೆಯ ಹೆಜ್ಜೆ: ತಣ್ಣಗಿರುವ ಟೈರನ್ನು ಅಳೆಯುವುದು

ಚೀಟಿಯಲ್ಲಿರುವ ಸಂಖ್ಯೆ ತಣ್ಣಗಿರುವ ಟೈರಿಗೆ ಸಂಬಂಧಿಸಿದ್ದು. ತಣ್ಣಗೆ ಎಂದರೆ ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು, ಅಥವಾ ಒಂದೆರಡು ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಬೆಳಿಗ್ಗೆ ಬಿಸಿಲು ಬೀಳುವ ಮೊದಲೇ ಅಳೆಯುವುದು ಅತ್ಯುತ್ತಮ, ಏಕೆಂದರೆ ಕಾರಿನ ಒಂದೇ ಬದಿಗೆ ಬಿಸಿಲು ಬಿದ್ದಿದ್ದರೂ ಆ ಬದಿಯ ಎರಡು ಟೈರುಗಳು ಒಂದೆರಡು ಪಿಎಸ್‌ಐ ಹೆಚ್ಚು ತೋರಿಸಬಲ್ಲವು.

ಒಂದು ಹಾಳೆಯಲ್ಲಿ ನಾಲ್ಕು ಚಕ್ರಗಳ ಹೆಸರು ಬರೆದುಕೊಂಡು ಮೊದಲು ಗೇಜಿನಿಂದ ನಾಲ್ಕನ್ನೂ ಅಳೆದು ಗುರುತು ಮಾಡಿ. ಬಳಿಕ ಪರದೆಯನ್ನು ನೋಡಿ. ಆದರೆ ಇಗ್ನಿಷನ್ ಹಾಕಿದ ಕೂಡಲೇ ಕಾಣುವ ಸಂಖ್ಯೆಯನ್ನು ಬರೆದುಕೊಳ್ಳಬೇಡಿ. ಬ್ಯಾಟರಿ ಉಳಿಸಲು ಸೆನ್ಸರುಗಳು ಕಾರು ನಿಂತಾಗ ನಿದ್ರಿಸುತ್ತವೆ, ಚಕ್ರ ತಿರುಗಿದ ಮೇಲೆ ಎಚ್ಚರಗೊಂಡು ನಿಮಿಷಕ್ಕೊಮ್ಮೆ ಎಂಬಂತೆ ಸಂದೇಶ ಕಳುಹಿಸುತ್ತವೆ. ಕೆಲವು ಕಾರುಗಳು ಅಲ್ಲಿಯವರೆಗೆ ಬರಿಯ ಗೆರೆಗಳನ್ನು ತೋರಿಸುತ್ತವೆ. ಇನ್ನು ಕೆಲವು ಹಿಂದಿನ ಸಂಜೆ, ಟೈರ್ ಬಿಸಿಯಾಗಿದ್ದಾಗ ದಾಖಲಾದ ಹಳೆಯ ಸಂಖ್ಯೆಯನ್ನೇ ತೋರಿಸುತ್ತವೆ. ಸೆನ್ಸರ್ ಮತ್ತು ಗೇಜ್ ತಾಳೆಯಾಗುವುದಿಲ್ಲ ಎನ್ನುವ ದೂರುಗಳಲ್ಲಿ ಎಷ್ಟೋ ಈ ಹಳೆಯ ಸಂಖ್ಯೆಯಿಂದಲೇ ಹುಟ್ಟುತ್ತವೆ. ನಿಧಾನವಾಗಿ ಒಂದೆರಡು ನಿಮಿಷ ಓಡಿಸಿ, ನಾಲ್ಕೂ ಸಂಖ್ಯೆಗಳು ಹೊಸದಾಗಿ ಮೂಡಿದ ಮೇಲೆ ಬರೆದುಕೊಳ್ಳಿ. ಅಷ್ಟು ಕಡಿಮೆ ದೂರದಲ್ಲಿ ಟೈರ್ ಬಿಸಿಯೇರುವುದಿಲ್ಲ.

ಮೊದಲು ಹೇಳಿದ 33 ಮತ್ತು 29ರ ಲೆಕ್ಕವನ್ನು ಈಗ ಬಿಡಿಸಬಹುದು. ಮುಚ್ಚಿದ ಪಾತ್ರೆಯಲ್ಲಿರುವ ಗಾಳಿಯ ಒತ್ತಡ ಉಷ್ಣಾಂಶದೊಂದಿಗೆ ಏರಿಳಿಯುತ್ತದೆ. ಕಾರಿನ ಟೈರಿನಲ್ಲಿ ಸ್ಥೂಲವಾಗಿ ಆರು ಡಿಗ್ರಿ ಸೆಲ್ಸಿಯಸ್ಸಿಗೆ ಒಂದು ಪಿಎಸ್‌ಐ ಎಂದು ಹಿಡಿಯಬಹುದು. ಬೇಲೂರಿನಿಂದಲೋ ಕಡೂರಿನಿಂದಲೋ ಓಡಿಬಂದ ಕಾರಿನ ಟೈರಿನೊಳಗೆ 45 ಡಿಗ್ರಿ ಇದ್ದಾಗ 33 ತುಂಬಿಸಿದರೆ, ಡಿಸೆಂಬರಿನ ಮರುಬೆಳಿಗ್ಗೆ ಅದೇ ಗಾಳಿ 15 ಡಿಗ್ರಿಗೆ ಇಳಿದಾಗ ಒತ್ತಡ 29ರ ಹತ್ತಿರ ನಿಲ್ಲುತ್ತದೆ. ಒಂದು ಹನಿ ಗಾಳಿಯೂ ಸೋರಿರುವುದಿಲ್ಲ. ಆ ಕಾರು ವಾಸ್ತವದಲ್ಲಿ ಸಂಜೆಯೇ ನಾಲ್ಕು ಪಿಎಸ್‌ಐ ಕಡಿಮೆ ತುಂಬಿಸಿಕೊಂಡಿತ್ತು, ಸೆನ್ಸರ್ ಬೆಳಿಗ್ಗೆ ಅದನ್ನು ನಿಷ್ಠೆಯಿಂದ ತಿಳಿಸಿತು, ಅಷ್ಟೆ. ಇದೇ ಕಾರಣಕ್ಕೆ ಓಡಿ ಬಿಸಿಯಾದ ಟೈರ್ 36, 37 ತೋರಿಸಿದಾಗ ಗಾಳಿ ಬಿಡುವುದು ತಪ್ಪು. ಓಡಾಟದಿಂದ ಮೂರರಿಂದ ಐದು ಪಿಎಸ್‌ಐ ಏರುವುದು ಟೈರ್ ತಯಾರಕರು ಮೊದಲೇ ಲೆಕ್ಕಕ್ಕೆ ಹಿಡಿದ ವಿಷಯ. ನೈಟ್ರೋಜನ್ ತುಂಬಿಸಿದರೆ ಈ ಏರಿಳಿತ ಇರುವುದಿಲ್ಲ ಎಂಬ ಮಾತಿನಲ್ಲಿ ಹುರುಳಿಲ್ಲ, ಸಾಮಾನ್ಯ ಗಾಳಿಯಲ್ಲಿಯೇ ಶೇಕಡಾ 78 ಭಾಗ ನೈಟ್ರೋಜನ್ ಇದೆ.

ಐದನೆಯ ಹೆಜ್ಜೆ: ಎರಡು ಸಾಲುಗಳನ್ನು ಹೋಲಿಸುವುದು

ಈಗ ನಿಮ್ಮ ಹಾಳೆಯಲ್ಲಿ ಗೇಜಿನ ನಾಲ್ಕು ಸಂಖ್ಯೆಗಳೂ ಪರದೆಯ ನಾಲ್ಕು ಸಂಖ್ಯೆಗಳೂ ಇವೆ. ಪ್ರತಿ ಚಕ್ರದಲ್ಲೂ ವ್ಯತ್ಯಾಸ ಎರಡು ಪಿಎಸ್‌ಐ ಒಳಗಿದ್ದರೆ ಸೆನ್ಸರುಗಳು ಸರಿಯಾಗಿವೆ ಎಂದು ನಿಶ್ಚಿಂತೆಯಿಂದ ಇರಬಹುದು. ವ್ಯತ್ಯಾಸವಿದ್ದರೆ ಅದರ ಪ್ರಮಾಣಕ್ಕಿಂತ ಅದು ಹೇಗೆ ಹಂಚಿಹೋಗಿದೆ ಎಂಬುದೇ ಹೆಚ್ಚು ಹೇಳುತ್ತದೆ. ಉದಾಹರಣೆಗೆ ಗೇಜಿನಲ್ಲಿ ನಾಲ್ಕೂ 33 ಇದ್ದು ಪರದೆಯಲ್ಲಿ ನಾಲ್ಕೂ 31 ಬಂದಿದ್ದರೆ ನಾಲ್ಕು ಸೆನ್ಸರುಗಳೂ ಒಟ್ಟಿಗೆ, ಒಂದೇ ಪ್ರಮಾಣದಲ್ಲಿ ಕೆಟ್ಟಿರುವ ಸಾಧ್ಯತೆ ತೀರಾ ಕಡಿಮೆ. ಅಲ್ಲಿ ಗೇಜ್ ತಪ್ಪಿರಬೇಕು, ಇಲ್ಲವೇ ಕಾರು ವಾಯುಭಾರದ, ಅಂದರೆ ಹೊರಗಿನ ಗಾಳಿಯ ಒತ್ತಡದ, ಲೆಕ್ಕವನ್ನು ಬೇರೆಯಾಗಿ ಮಾಡುತ್ತಿರಬೇಕು (ಇದರ ವಿವರ ಮುಂದಿದೆ). ಮೂರು ಚಕ್ರಗಳು ತಾಳೆಯಾಗಿ ಒಂದೇ ಒಂದು ನಾಲ್ಕು ಪಿಎಸ್‌ಐ ಬೇರೆ ಬಂದರೆ ಸಂಶಯ ಆ ಸೆನ್ಸರಿನ ಮೇಲೆ ಹೋಗಬೇಕು. ಎಡ ಮುಂದಿನದರಲ್ಲಿ ಹೆಚ್ಚು, ಎಡ ಹಿಂದಿನದರಲ್ಲಿ ಅಷ್ಟೇ ಕಡಿಮೆ ಎಂದು ಬಂದರೆ ಟೈರುಗಳನ್ನು ಸ್ಥಳ ಬದಲಿಸಿದಾಗ ಯಾವ ಸೆನ್ಸರ್ ಎಲ್ಲಿದೆ ಎಂಬುದನ್ನು ಕಾರಿಗೆ ಮತ್ತೆ ಕಲಿಸಿಲ್ಲ ಎಂದು ತಿಳಿಯಬೇಕು. ಈ ಕೊನೆಯ ದೋಷ ನೋಡಲು ಸಣ್ಣದಾದರೂ ಘಾಟಿಯಲ್ಲಿ ಪಂಕ್ಚರ್ ಆದಾಗ ತೊಂದರೆಯೇ ಇಲ್ಲದ ಚಕ್ರವನ್ನು ತಪಾಸಣೆ ಮಾಡುತ್ತಾ ಕೂರುವಂತೆ ಮಾಡುತ್ತದೆ.

ಎತ್ತರದ ಲೆಕ್ಕ

ನಮ್ಮ ಜಿಲ್ಲೆಗಳವರಿಗೆ ವಿಶೇಷವಾಗಿ ಅನ್ವಯಿಸುವ ಭಾಗ ಇದು. ಗೇಜ್ ಅಳೆಯುವುದು ಟೈರಿನ ಒಳಗಿನ ಒತ್ತಡ ಹೊರಗಿನ ವಾಯುಭಾರಕ್ಕಿಂತ ಎಷ್ಟು ಹೆಚ್ಚಿದೆ ಎಂಬುದನ್ನು. ಟೈರಿನೊಳಗಿನ ಸೆನ್ಸರಿಗೆ ಹೊರಗಿನ ಗಾಳಿಯ ಸಂಪರ್ಕವೇ ಇಲ್ಲದ ಕಾರಣ ಅದು ಒಟ್ಟು ಒತ್ತಡವನ್ನು ಅಳೆಯುತ್ತದೆ. ಅದರಿಂದ ಹೊರಗಿನ ವಾಯುಭಾರವನ್ನು ಕಳೆಯುವ ಕೆಲಸ ಕಾರಿನ ಕಂಪ್ಯೂಟರಿನದು. ಕೆಲವು ಕಾರುಗಳು ಎಂಜಿನ್ನಿಗಾಗಿ ಇರುವ ವಾಯುಭಾರ ಸೆನ್ಸರಿನ ನೆರವಿನಿಂದ ಆಯಾ ಸ್ಥಳದ ನಿಜವಾದ ಸಂಖ್ಯೆಯನ್ನು ಕಳೆಯುತ್ತವೆ. ಕೆಲವು ಸಮುದ್ರಮಟ್ಟದ 14.7 ಪಿಎಸ್‌ಐಯನ್ನೇ ಎಲ್ಲೆಡೆಯೂ ಕಳೆಯುತ್ತವೆ.

ಹಾಸನ ಸುಮಾರು 950 ಮೀಟರ್, ಚಿಕ್ಕಮಗಳೂರು ಸುಮಾರು 1,090 ಮೀಟರ್ ಎತ್ತರದಲ್ಲಿವೆ. ಅಲ್ಲಿನ ವಾಯುಭಾರ ಕ್ರಮವಾಗಿ 13.1 ಮತ್ತು 12.9 ಪಿಎಸ್‌ಐ ಆಸುಪಾಸು. ಹಾಗಾದರೆ ಸ್ಥಿರ ಸಂಖ್ಯೆಯನ್ನು ಕಳೆಯುವ ಕಾರು ಚಿಕ್ಕಮಗಳೂರಿನಲ್ಲಿ ಯಾವಾಗಲೂ ನಿಜಕ್ಕಿಂತ 1.8 ಪಿಎಸ್‌ಐ ಕಡಿಮೆ ತೋರಿಸುತ್ತದೆ. ಬೆಳಿಗ್ಗೆ 18 ಡಿಗ್ರಿಯಲ್ಲಿ ಗೇಜಿನ ಪ್ರಕಾರ 33 ತುಂಬಿಸಿದ ಆ ಕಾರಿನ ಪರದೆಯಲ್ಲಿ 31 ಕಾಣುತ್ತದೆ. ಅದೇ ಕಾರು ಚಾರ್ಮಾಡಿ ಘಾಟಿ ಇಳಿದು ಮಂಗಳೂರಿನಲ್ಲಿ ರಾತ್ರಿ ತಂಗಿ, ಮರುದಿನ ಬೆಳಿಗ್ಗೆ 25 ಡಿಗ್ರಿಯಲ್ಲಿ ಅಳೆದಾಗ ಗೇಜ್ 32.3 ಎನ್ನುತ್ತದೆ, ಪರದೆಯೂ 32 ಎನ್ನುತ್ತದೆ. ಗಾಳಿ ಸ್ವಲ್ಪ ಇಳಿಯಿತು ಎಂದು ಗೇಜ್ ಹೇಳುವಾಗ, ಏರಿತು ಎಂದು ಪರದೆ ಹೇಳಿದಂತಾಯಿತು. ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ತಪ್ಪು ಮಾಡಿಲ್ಲ. ಕರಾವಳಿಯ ಸೆಖೆ ಮತ್ತು ಹೆಚ್ಚಿನ ವಾಯುಭಾರ ಪರಸ್ಪರ ವಿರುದ್ಧ ದಿಕ್ಕಿನಲ್ಲಿ ಎಳೆಯುವುದರಿಂದ ಟೈರಿನ ನಿಜವಾದ ಒತ್ತಡ ಹೆಚ್ಚೇನೂ ಬದಲಾಗಿರುವುದಿಲ್ಲ, ಅಲ್ಲಿ ಮತ್ತೆ ಗಾಳಿ ಹೊಂದಿಸುವ ಅಗತ್ಯವೂ ಇರುವುದಿಲ್ಲ.

ಇದರಿಂದಲೇ ಒಂದು ಸುಲಭ ಪರೀಕ್ಷೆ ದೊರೆಯುತ್ತದೆ. ಗೇಜ್ ಮತ್ತು ಪರದೆಯ ನಡುವಿನ ವ್ಯತ್ಯಾಸವನ್ನು ಮನೆಯಲ್ಲಿ ಬರೆದಿಟ್ಟುಕೊಂಡು, ಮುಂದಿನ ಸಲ ಕರಾವಳಿಗೆ ಹೋದಾಗ ಅಲ್ಲಿಯೂ ಬೆಳಿಗ್ಗೆ ತಣ್ಣಗಿನ ಟೈರನ್ನು ಅದೇ ಗೇಜಿನಿಂದ ಅಳೆಯಿರಿ. ಇಲ್ಲಿದ್ದ ಸುಮಾರು ಎರಡು ಪಿಎಸ್‌ಐ ವ್ಯತ್ಯಾಸ ಅಲ್ಲಿ ಮಾಯವಾದರೆ ನಿಮ್ಮ ಕಾರು ಸ್ಥಿರ ಸಂಖ್ಯೆಯನ್ನು ಕಳೆಯುತ್ತಿದೆ. ಎರಡೂ ಕಡೆ ವ್ಯತ್ಯಾಸ ಒಂದೇ ಆಗಿದ್ದರೆ ಕಾರು ಎತ್ತರವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿದೆ, ಉಳಿದದ್ದು ಸೆನ್ಸರಿನ ಅಥವಾ ಗೇಜಿನ ಸಹಜ ತಪ್ಪು. ಈ ಸಂಗತಿ ಒಮ್ಮೆ ತಿಳಿದರೆ ಸಾಕು, ಆ ಕಾರು ನಿಮ್ಮಲ್ಲಿ ಇರುವವರೆಗೂ ಉಪಯೋಗಕ್ಕೆ ಬರುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ಕಡೆಗೆ ಏರುವಾಗ ಟೈರಿನ ನಿಜವಾದ ಒತ್ತಡ ಎತ್ತರದ ಕಾರಣದಿಂದಲೇ ಒಂದು ಪಿಎಸ್‌ಐನಷ್ಟು ಹೆಚ್ಚುತ್ತದೆ, ಮೇಲಿನ ಚಳಿ ಅದರಲ್ಲಿ ಬಹುಪಾಲನ್ನು ಮರಳಿ ಕಸಿದುಕೊಳ್ಳುತ್ತದೆ. ಆ ದಾರಿಗಾಗಿ ಗಾಳಿ ಏರಿಸುವುದೂ ಬೇಡ, ಇಳಿಸುವುದೂ ಬೇಡ.

ಆರನೆಯ ಹೆಜ್ಜೆ: ಸೆನ್ಸರ್ ಬದಲಾವಣೆಯನ್ನು ಹಿಂಬಾಲಿಸುತ್ತದೆಯೇ?

ನನ್ನ ದೃಷ್ಟಿಯಲ್ಲಿ ಸೆನ್ಸರಿನ ನಿಜವಾದ ಬೆಲೆ ಇರುವುದು ಬದಲಾವಣೆಯನ್ನು ತಕ್ಷಣ ತಿಳಿಸುವುದರಲ್ಲಿ. ಸದಾ ಎರಡು ಪಿಎಸ್‌ಐ ಕಡಿಮೆ ತೋರಿಸಿದರೂ ಇಳಿತವನ್ನು ಕೂಡಲೇ ಹೇಳುವ ಸೆನ್ಸರ್ ಜೀವ ಉಳಿಸಬಲ್ಲದು. ಇಂದು ಸರಿಯಾದ ಸಂಖ್ಯೆ ತೋರಿಸಿ ಅದಕ್ಕೇ ಅಂಟಿಕೊಂಡು ಕುಳಿತ ಸೆನ್ಸರಿನಿಂದ ಏನೂ ಪ್ರಯೋಜನವಿಲ್ಲ. ಆದ್ದರಿಂದ ಮನೆಯಲ್ಲಿ ಗಾಳಿ ತುಂಬುವ ಸಣ್ಣ ಕಂಪ್ರೆಸರ್ ಇದ್ದವರು ಈ ಪರೀಕ್ಷೆಯನ್ನೂ ಮಾಡಬೇಕು. ಒಂದು ಚಕ್ರದಿಂದ ಗೇಜ್ ನೋಡುತ್ತಾ ಮೂರು ಪಿಎಸ್‌ಐ ಬಿಡಿ, ಮನೆಯ ಮುಂದಿನ ಖಾಲಿ ರಸ್ತೆಯಲ್ಲಿ ನಿಧಾನವಾಗಿ ಕೆಲವು ನಿಮಿಷ ಓಡಿಸಿ, ಪರದೆಯ ಸಂಖ್ಯೆಯೂ ಅಷ್ಟೇ ಇಳಿದಿದೆಯೇ ನೋಡಿ. ಬಳಿಕ ಮತ್ತೆ ಮೂರು ತುಂಬಿಸಿ, ಏರಿಕೆಯನ್ನೂ ಗಮನಿಸಿ. ನಾಲ್ಕು ಚಕ್ರಗಳಿಗೂ ಹೀಗೆ ಮಾಡುವಾಗ ಇಳಿಸಿದ ಚಕ್ರದ ಬದಲು ಇನ್ನೊಂದರ ಸಂಖ್ಯೆ ಇಳಿದರೆ ಸ್ಥಳ ಅದಲುಬದಲಾದದ್ದು ಇಲ್ಲಿಯೇ ಬಯಲಾಗುತ್ತದೆ. ದೀಪ ಹತ್ತುವುದನ್ನು ನೋಡಲೆಂದು 25ಕ್ಕೆ ಇಳಿಸುವುದಾದರೆ ಕೆಲವು ನೂರು ಮೀಟರಿಗಿಂತ ಹೆಚ್ಚು ಓಡಿಸಬೇಡಿ, ದೀಪ ಕಂಡ ಕೂಡಲೇ ಪೂರ್ತಿ ತುಂಬಿಸಿ.

ಪರೋಕ್ಷ ಬಗೆಯ ಕಾರು ಇರುವವರಿಗೆ

ಇಲ್ಲಿ ಅಳತೆ ಇಲ್ಲ, ಹೋಲಿಕೆ ಮಾತ್ರ ಇದೆ. ಟೈರಿನ ಸುತ್ತಳತೆಯಲ್ಲಾಗುವ ಬದಲಾವಣೆ ಶೇಕಡಾ ಒಂದಕ್ಕಿಂತಲೂ ಕಡಿಮೆ ಇರುವುದರಿಂದ ಕಾರು ನೇರವಾದ ರಸ್ತೆಯಲ್ಲಿ ಸಮ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದರೆ ಮಾತ್ರ ಲೆಕ್ಕ ಕೂಡಿಬರುತ್ತದೆ. ಸತತ ತಿರುವುಗಳ ಘಾಟಿಯಲ್ಲಿ, ಕಾಫಿ ತೋಟದ ಜಲ್ಲಿ ರಸ್ತೆಯಲ್ಲಿ, ಮಳೆಗಾಲದ ಕೆಸರಿನಲ್ಲಿ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಸುತ್ತುವುದರಿಂದ ಎಚ್ಚರಿಕೆ ತಡವಾಗಬಹುದು. ನಾಲ್ಕೂ ಟೈರುಗಳು ತಿಂಗಳುಗಟ್ಟಲೆ ಒಟ್ಟಿಗೆ, ಸಮವಾಗಿ ಗಾಳಿ ಕಳೆದುಕೊಂಡರೆ ಹೋಲಿಸಲು ವ್ಯತ್ಯಾಸವೇ ಉಳಿಯದ ಕಾರಣ ಹಲವು ಕಾರುಗಳು ಅದನ್ನು ಗುರುತಿಸುವುದೇ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ರೀಸೆಟ್. ನೀವು ರೀಸೆಟ್ ಒತ್ತಿದ ಕ್ಷಣದಲ್ಲಿ ಟೈರುಗಳು ಹೇಗಿವೆಯೋ ಅದನ್ನೇ ಕಾರು ಸರಿಯಾದ ಸ್ಥಿತಿ ಎಂದು ಕಲಿಯುತ್ತದೆ. ದೀಪ ಹತ್ತಿದಾಗ ಗಾಳಿ ಹಾಕಿಸದೆ ಬರಿದೇ ರೀಸೆಟ್ ಒತ್ತುವ ಅಭ್ಯಾಸ ಕೆಲವರಲ್ಲಿದೆ. ಇದು ಅಪಾಯಕಾರಿ, ಏಕೆಂದರೆ ಆಮೇಲೆ 26 ಪಿಎಸ್‌ಐ ಇರುವ ಟೈರನ್ನೇ ಕಾರು ಮಾದರಿಯಾಗಿ ಇಟ್ಟುಕೊಂಡು, ಅದಕ್ಕಿಂತಲೂ ಬಹಳ ಕೆಳಗೆ ಹೋದಾಗ ಮಾತ್ರ ಎಚ್ಚರಿಸುತ್ತದೆ. ಮೊದಲು ತಣ್ಣಗಿನ ಟೈರಿಗೆ ಗೇಜ್ ಹಿಡಿದು ಚೀಟಿಯ ಪ್ರಕಾರ ತುಂಬಿಸಿ, ನಂತರವೇ ರೀಸೆಟ್ ಮಾಡಿ. ಟೈರ್ ಬದಲಿಸಿದಾಗ, ಸ್ಥಳ ಬದಲಿಸಿದಾಗ, ಪ್ರತಿ ಸಲ ಒತ್ತಡ ಹೊಂದಿಸಿದಾಗಲೂ ಇದನ್ನು ಮಾಡಬೇಕು.

ಪಂಕ್ಚರ್ ಅಂಗಡಿಯಲ್ಲಿ ಹೇಳಬೇಕಾದ ಮಾತು

ನೇರ ಬಗೆಯ ಸೆನ್ಸರ್ ಮುರಿಯುವುದು ರಸ್ತೆಯ ಗುಂಡಿಗಳಿಗಿಂತ ಟೈರ್ ಬಿಚ್ಚುವ ಯಂತ್ರದ ಬಾಯಲ್ಲೇ ಹೆಚ್ಚು. ಹೊರಗಿನಿಂದ ಬರಿಯ ವಾಲ್ವ್ ಮಾತ್ರ ಕಾಣುವುದರಿಂದ ಒಳಗೆ ಸೆನ್ಸರ್ ಇರುವುದು ಕೆಲಸದವರಿಗೆ ಗೊತ್ತಾಗುವುದಿಲ್ಲ. ‘ಅಣ್ಣಾ, ವಾಲ್ವಿನ ಹತ್ತಿರ ಒಳಗಡೆ ಸೆನ್ಸರ್ ಇದೆ, ಅದರ ಎದುರು ಬದಿಯಿಂದ ಬಿಚ್ಚಿ’ ಎಂದು ಚಕ್ರ ಕಳಚುವ ಮೊದಲೇ ಹೇಳಬೇಕು. ಟೈರನ್ನು ರಿಮ್ಮಿನಿಂದ ಬೇರ್ಪಡಿಸುವ ಒತ್ತುಹಲಗೆ ವಾಲ್ವಿನ ಮೇಲೆ ಬೀಳದಂತೆ, ಕಬ್ಬಿಣದ ಸಲಾಕೆ ಆ ಭಾಗದಲ್ಲಿ ಒಳಗೆ ಇಳಿಯದಂತೆ ನೋಡಿಕೊಂಡರೆ ಸಾಕು. ಟೈರ್ ಬಿಚ್ಚದೆ ಹೊರಗಿನಿಂದಲೇ ರಬ್ಬರ್ ಬತ್ತಿ ಹಾಕುವ ಕೆಲಸದಲ್ಲಿ ಈ ಅಪಾಯವಿಲ್ಲ. ಪಂಕ್ಚರ್ ಮುಚ್ಚುವ ದ್ರವವನ್ನು ವಾಲ್ವಿನ ಮೂಲಕ ಸುರಿದಿದ್ದರೆ ಅದು ಸೆನ್ಸರಿನ ಸೂಕ್ಷ್ಮ ರಂಧ್ರವನ್ನು ಕಟ್ಟಿಬಿಡಬಹುದು. ಹಾಗೆ ಮಾಡಿದ ಮೇಲೆ ಪರದೆಯ ಸಂಖ್ಯೆ ಅಲುಗಾಡದೆ ನಿಂತರೆ ಚಕ್ರ ಬಿಚ್ಚಿಸಿ ಒರೆಸಿಸಬೇಕು. ಅನಿವಾರ್ಯವಾಗಿ ದ್ರವ ಬಳಸುವುದಾದರೆ ಸೆನ್ಸರಿಗೆ ಹಾನಿಯಾಗದು ಎಂದು ಡಬ್ಬಿಯ ಮೇಲೆ ಬರೆದಿರುವುದನ್ನೇ ಆರಿಸಿ.

ಕಾರಿನಲ್ಲಿ ವ್ಯವಸ್ಥೆ ಇಲ್ಲದವರು ವಾಲ್ವಿನ ಮುಚ್ಚಳದ ಜಾಗದಲ್ಲಿ ತಿರುಗಿಸಿ ಹಾಕುವ ಸೆನ್ಸರುಗಳನ್ನು ಕೊಳ್ಳುತ್ತಾರೆ. ಒತ್ತಡದ ಮಟ್ಟಿಗೆ ಅವೂ ಸಾಕಷ್ಟು ಸರಿಯಾಗಿಯೇ ಹೇಳುತ್ತವೆ. ಆದರೆ ಅವು ತೋರಿಸುವ ಉಷ್ಣಾಂಶವನ್ನು ಟೈರಿನೊಳಗಿನ ಉಷ್ಣಾಂಶವೆಂದು ನಂಬಬಾರದು, ಹೊರಗಿನ ಗಾಳಿ ಮತ್ತು ಮಳೆ ಅದನ್ನು ತಣ್ಣಗಾಗಿಸುತ್ತವೆ. ಅವು ವಾಲ್ವಿನ ಪಿನ್ನನ್ನು ಸದಾ ಒತ್ತಿ ಹಿಡಿದಿರುವುದರಿಂದ ಒಳಗಿನ ರಬ್ಬರ್ ಉಂಗುರ ಸರಿಯಾಗಿ ಕೂರದಿದ್ದರೆ ಸೆನ್ಸರೇ ಸೋರಿಕೆಗೆ ಕಾರಣವಾಗುತ್ತದೆ. ಹಾಕಿದ ಮೇಲೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡುವುದನ್ನು ಮರೆಯಬೇಡಿ.

ಘಾಟಿಯಲ್ಲಿ ದೀಪ ಹತ್ತಿದರೆ

ಶಿರಾಡಿಗೆ ಇಳಿಯುವ ಮೊದಲು ಸಕಲೇಶಪುರದಲ್ಲಿ, ಚಾರ್ಮಾಡಿಗೆ ಇಳಿಯುವ ಮೊದಲು ಕೊಟ್ಟಿಗೆಹಾರದಲ್ಲಿ ನಾಲ್ಕೂ ಸಂಖ್ಯೆಗಳನ್ನು ಒಮ್ಮೆ ಓದಿಕೊಂಡು ಹೊರಡುವುದು ಒಳ್ಳೆಯ ರೂಢಿ. ಆ ಹೊತ್ತಿಗೆ ಟೈರುಗಳು ಬಿಸಿಯಾಗಿರುತ್ತವೆ, ಸಂಖ್ಯೆಗಳು ಬೆಳಗಿನದಕ್ಕಿಂತ ಹೆಚ್ಚಿರುತ್ತವೆ. ನೋಡಬೇಕಾದದ್ದು ನಾಲ್ಕೂ ಸಮವಾಗಿ ಏರಿವೆಯೇ ಎಂಬುದನ್ನು. ಮೂರು 36 ಇದ್ದು ಒಂದು 33ರಲ್ಲೇ ನಿಂತಿದ್ದರೆ, ಚೀಟಿಯ ಪ್ರಕಾರ ಅದು ಸರಿಯಾದ ಸಂಖ್ಯೆಯೇ ಆಗಿದ್ದರೂ, ಆ ಚಕ್ರ ಗಾಳಿ ಕಳೆದುಕೊಳ್ಳುತ್ತಿರುವ ಸಾಧ್ಯತೆ ಇದೆ. ಇಳಿಜಾರಿನಲ್ಲಿ ಬ್ರೇಕಿನ ಶಾಖ ರಿಮ್ಮಿನ ಮೂಲಕ ಟೈರಿಗೂ ಹರಿಯುವುದರಿಂದ ಸಂಖ್ಯೆ ಇನ್ನೂ ಸ್ವಲ್ಪ ಏರಬಹುದು, ಅದಕ್ಕೆ ಹೆದರಬೇಕಿಲ್ಲ.

ದೀಪ ಹತ್ತಿದಾಗ ಜೋರಾಗಿ ಬ್ರೇಕ್ ಹಾಕದೆ, ಸ್ಟೇರಿಂಗನ್ನು ಥಟ್ಟನೆ ತಿರುಗಿಸದೆ ವೇಗ ತಗ್ಗಿಸಿ, ತಿರುವಿನಲ್ಲಿ ನಿಲ್ಲದೆ ಹಿಂದಿನ ವಾಹನಗಳಿಗೆ ದೂರದಿಂದ ಕಾಣುವ ಅಗಲವಾದ ಜಾಗಕ್ಕೆ ಬನ್ನಿ. ನಿಮಿಷದ ಅಂತರದಲ್ಲಿ ಎರಡು ಸಲ ಸಂಖ್ಯೆ ನೋಡಿ. 26, 25, 23 ಎಂದು ಇಳಿಯುತ್ತಲೇ ಇದ್ದರೆ ಮುಂದೆ ಹೋಗಬೇಡಿ, ಗಾಳಿಯಿಲ್ಲದ ಟೈರಿನ ಮೇಲೆ ಅರ್ಧ ಕಿಲೋಮೀಟರ್ ಓಡಿದರೂ ಪಕ್ಕದ ಗೋಡೆ ಹಾಳಾಗಿ ಟೈರನ್ನೇ ಬಿಸಾಡಬೇಕಾಗುತ್ತದೆ. 26ರಲ್ಲಿ ಸ್ಥಿರವಾಗಿ ನಿಂತಿದ್ದರೆ ನಿಧಾನವಾಗಿ ಮುಂದಿನ ಊರಿನವರೆಗೆ ಹೋಗಬಹುದು. ಸೆನ್ಸರ್ ವ್ಯವಸ್ಥೆ ಮತ್ತು ಪಂಕ್ಚರ್ ಕಿಟ್ ಇರುವ ಕಾರುಗಳಿಗೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ನಿಯಮ ತಿದ್ದಿದೆ, ಹಾಗಾಗಿ ನಿಮ್ಮ ಡಿಕ್ಕಿಯಲ್ಲಿ ಸ್ಟೆಪ್ನಿ ಇದೆಯೇ, ಬರಿಯ ಕಿಟ್ ಇದೆಯೇ ಎಂದು ಮನೆಯಲ್ಲಿರುವಾಗಲೇ ತೆರೆದು ನೋಡಿಟ್ಟುಕೊಳ್ಳಿ. ಸ್ಟೆಪ್ನಿಯಲ್ಲಿ ಸಾಮಾನ್ಯವಾಗಿ ಸೆನ್ಸರ್ ಇರುವುದಿಲ್ಲ. ಅದನ್ನು ಹಾಕಿದ ಮೇಲೆ ಆ ಸ್ಥಾನದಲ್ಲಿ ಸಂಖ್ಯೆ ಕಾಣದಿರುವುದು ದೋಷವಲ್ಲ. ಅದರ ಒತ್ತಡವನ್ನೂ ಗೇಜಿನಿಂದಲೇ ತಿಂಗಳಿಗೊಮ್ಮೆ ನೋಡಬೇಕು.

ಸೆನ್ಸರಿನ ಆಯುಷ್ಯ

ಸೆನ್ಸರಿನೊಳಗಿನ ಲಿಥಿಯಂ ಬ್ಯಾಟರಿ ಐದರಿಂದ ಹತ್ತು ವರ್ಷ ಬಾಳುತ್ತದೆ. ಅದನ್ನು ಮುಚ್ಚಿ ಬಿಗಿದಿರುವುದರಿಂದ ಬ್ಯಾಟರಿ ಮಾತ್ರ ಬದಲಿಸಲು ಬರುವುದಿಲ್ಲ, ಸೆನ್ಸರನ್ನೇ ಬದಲಿಸಬೇಕು. ಬಹಳಷ್ಟು ಕಾರುಗಳಲ್ಲಿ ಇಗ್ನಿಷನ್ ಹಾಕಿದಾಗ ದೀಪ ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ಮಿನುಗಿ ಆಮೇಲೆ ಸ್ಥಿರವಾಗಿ ಉರಿದರೆ ಗಾಳಿ ಕಡಿಮೆಯಾಗಿದೆ ಎಂದಲ್ಲ, ವ್ಯವಸ್ಥೆಯಲ್ಲೇ ದೋಷವಿದೆ ಎಂದರ್ಥ. ಒಂದು ಚಕ್ರದ ಸಂಖ್ಯೆ ಆಗಾಗ ಕಾಣೆಯಾಗಿ ಮತ್ತೆ ಬರುತ್ತಿದ್ದರೆ ಅದರ ಬ್ಯಾಟರಿ ಕೊನೆಗಾಲದಲ್ಲಿರಬಹುದು. ನಾಲ್ಕೂ ಒಂದೇ ದಿನ ಹುಟ್ಟಿದವು ಆದ್ದರಿಂದ ಒಂದು ಸತ್ತ ಮೇಲೆ ಉಳಿದವೂ ಹೆಚ್ಚು ಕಾಲ ಉಳಿಯುವುದಿಲ್ಲ. ಏಳೆಂಟು ವರ್ಷದ ಕಾರಿಗೆ ಹೊಸ ಟೈರ್ ಹಾಕಿಸುವ ಸಂದರ್ಭ ಬಂದರೆ, ಟೈರ್ ಹೇಗೂ ಬಿಚ್ಚಿರುವಾಗಲೇ ನಾಲ್ಕು ಸೆನ್ಸರುಗಳನ್ನೂ ಬದಲಿಸಿ, ಅವುಗಳ ಗುರುತಿನ ಸಂಖ್ಯೆಯನ್ನು ಕಾರಿಗೆ ನೋಂದಾಯಿಸಿಕೊಡುವಂತೆ ಕೇಳಿ. ಮನೆಗೆ ಬಂದ ಮರುದಿನ ಬೆಳಿಗ್ಗೆ ಗೇಜ್ ಹಿಡಿದು ನಾಲ್ಕನ್ನೂ ಹೊಸದಾಗಿ ತಾಳೆ ನೋಡಿ, ವ್ಯತ್ಯಾಸವನ್ನು ಕೈಪಿಡಿಯ ಮೊದಲ ಪುಟದಲ್ಲಿ ದಿನಾಂಕದೊಂದಿಗೆ ಬರೆದಿಡಿ.